ಗಾಲಿಗೆ ಕೊಟ್ಟ ಕಲ್ಲುಗಳು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ವೇಳೆ ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಆ ದಿನ ಗಡಿಯಾರ ನೋಡುವ ಕೆಲಸ ನನ್ನದಾಗಿತ್ತು. ಹತ್ತೂವರೆಗೆ ರಾಹುಕಾಲ ಬರುತ್ತದೆ, ಅಷ್ಟರೊಳಗೆ ದಸರೆಯ ಖಂಡೇಪೂಜೆ ಮುಗಿಯಬೇಕು ಎಂದು ಆಯಿ, ಅಂದರೆ ನನ್ನ ಅಪ್ಪನ ತಾಯಿ, ನನ್ನನ್ನು ಪಡಸಾಲೆಯ ಬಾಗಿಲಲ್ಲಿ ಕೂಡಿಸಿದ್ದಳು. ಅಲ್ಲಿಂದ ಒಳಗಿನ ಗೋಡೆ ಗಡಿಯಾರವೂ ಕಾಣುತ್ತಿತ್ತು, ಅಂಗಳದಲ್ಲಿ ನಿಂತ ವ್ಯಾನೂ ಕಾಣುತ್ತಿತ್ತು. ಆಯಿ ವ್ಯಾನಿನ ಮುಂದಿನ ಗಾಲಿಯ ಹತ್ತಿರ ಬಗ್ಗಿ, ಉರುಳದಂತೆ ಗಾಲಿಗೆ ಕೊಟ್ಟಿದ್ದ ಕಲ್ಲನ್ನು ಎರಡೂ ಕೈಯಿಂದ ಎತ್ತಿ, ಸೆರಗಿನಲ್ಲಿ ಕೂಸಿನ ಹಾಗೆ ಅವುಚಿಕೊಂಡು ಒಳಗೆ ಬಂದಳು. ನನ್ನನ್ನು ದಾಟಿಕೊಂಡೇ ಹೋದಳು. ನಾನು ಕಾಲು ಮಡಚಿ ದಾರಿ ಬಿಟ್ಟೆ.

ನಾನು ದಾರಿ ಬಿಟ್ಟೆ ಎಂಬ ಈ ಒಂದು ಮಾತನ್ನು ಸುಮಾರು ಐವತ್ತು ವರ್ಷಗಳಿಂದ ಎಲ್ಲಿಡಬೇಕೋ ತಿಳಿಯದೆ ಹೊತ್ತುಕೊಂಡು ತಿರುಗಿದ್ದೇನೆ. ಬಿ.ಎ. ಓದಿದೆ, ಯಲಬುರ್ಗಾದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿದೆ, ನಿವೃತ್ತಳೂ ಆದೆ. ಈಗಲೂ ಯಾರ ಮನೆಯಲ್ಲಾದರೂ ಪಾತ್ರೆ ಉರುಳಿದ ಸದ್ದಾದರೆ ನನ್ನ ಕಾಲು ತಾನಾಗಿಯೇ ಮಡಚಿಕೊಳ್ಳುತ್ತದೆ. ದಣಿವಾಗಿದೆ. ಒಮ್ಮೆ ಬರೆದು ಇಳಿಸಿದರೆ ಹಗುರಾದೀತೇನೋ ಎಂಬ ಆಸೆ.

ನಮ್ಮದು ಭಾಂಡೆಯವರ ಮನೆ. ಮದುವೆ, ಮುಂಜಿವೆ, ದಿನಕರ್ಮಗಳಿಗೆ ಅಡಿಗೆಯ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು ಅಪ್ಪನ ಕಸುಬು. ಕೊಪ್ಪಳದಲ್ಲಿ ಗುಡ್ಡದ ಬುಡಕ್ಕೆ ಹತ್ತಿದ ಓಣಿಯಲ್ಲಿ ಮನೆ. ಐದು ಕೋಣೆಗಳಿದ್ದರೆ ಮೂರರಲ್ಲಿ ಪಾತ್ರೆಗಳದೇ ವಾಸ. ಕೊಪ್ಪರಿಗೆಗಳು ಒಂದರೊಳಗೊಂದು ಕುಳಿತು ಸೂರಿಗೆ ಮುಟ್ಟುತ್ತಿದ್ದವು. ಜಾಲರಿ ಸೌಟುಗಳು ಗೋಡೆಗುಂಟ ತೂಗುತ್ತಿದ್ದವು. ಮಲಗಲು ನಮಗೆ ಉಳಿದದ್ದು ಪಡಸಾಲೆ ಮತ್ತು ಅಡಿಗೆಮನೆ. ಐನೂರು ಜನಕ್ಕೆ ಅನ್ನ ಬೇಯಿಸುವ ಪಾತ್ರೆಗಳ ನಡುವೆ ನಾವು ಐದು ಜನ ಒಂದು ಸಣ್ಣ ಗಡಿಗೆಯ ನುಚ್ಚು ಉಣ್ಣುತ್ತಿದ್ದೆವು. ಮದುವೆಯಿಂದ ತಿರುಗಿ ಬಂದ ಕೊಪ್ಪರಿಗೆಯ ತಳದಲ್ಲಿ ಒಮ್ಮೊಮ್ಮೆ ಗೋಧಿ ಹುಗ್ಗಿ ಹತ್ತಿಕೊಂಡಿರುತ್ತಿತ್ತು. ನಾಲ್ಕು ವರ್ಷದ ನನ್ನ ತಂಗಿ ನೀಲಾ ಕೊಪ್ಪರಿಗೆಯ ಒಳಗೇ ಇಳಿದು ಕುಳಿತು ಅದನ್ನು ಕೆರೆದು ತಿನ್ನುತ್ತಿದ್ದಳು. ಅವ್ವ ಅವಳನ್ನು ಎತ್ತಿ ಹೊರಗಿಟ್ಟು, ಬೂದಿ ಹುಣಸೆಹಣ್ಣು ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ಯಾರ್ಯಾರದೋ ಮದುವೆಯ ಮಸಿ ಅವ್ವನ ಉಗುರಿನ ಸಂದಿಯಲ್ಲಿ ಸದಾ ಇರುತ್ತಿತ್ತು.

ಈ ಭಾಂಡೆಗಳನ್ನು ಊರೂರಿಗೆ ಒಯ್ಯಲು ಅಪ್ಪ ಒಂದು ಹಳೆಯ ವ್ಯಾನು ಇಟ್ಟಿದ್ದ. ಮೋಟು ಮೂತಿಯ, ಎರಡು ದುಂಡನೆಯ ದೀಪಗಳ, ನಮಗಿಂತ ಮೊದಲು ಇಬ್ಬರ ಕೈಯಲ್ಲಿ ದುಡಿದು ಬಂದ ವ್ಯಾನು. ಎಂಜಿನ್ನು ಗಟ್ಟಿಯಿತ್ತು, ಕಾಲಿನ ಬ್ರೇಕೂ ಗಟ್ಟಿಯಿತ್ತು. ಸವೆದದ್ದು ಹ್ಯಾಂಡ್‌ಬ್ರೇಕಿನ ಹಿಡಿಕೆ ಒಂದೇ. ಸೀಟಿನ ಪಕ್ಕ ನೆಲದಿಂದ ಎದ್ದ ಕಬ್ಬಿಣದ ಆ ಹಿಡಿಕೆಯ ರಬ್ಬರು ಯಾವಾಗಲೋ ಹೋಗಿ, ಅವ್ವನ ಹಳೆಯ ಸೀರೆಯ ಅಂಚು ಸುತ್ತಿಕೊಂಡಿತ್ತು. ಮೇಲೆ ಎಳೆದರೆ ಕಟ್ ಕಟ್ ಎಂದು ಹಲ್ಲಿಗೆ ಬೀಳುವ ಸದ್ದು ಬರುತ್ತಿತ್ತು. ಆದರೆ ಯಾವ ಹಲ್ಲಿನ ಮೇಲೂ ಅದು ನೆಚ್ಚಿಕೆಯಿಂದ ನಿಲ್ಲುತ್ತಿರಲಿಲ್ಲ. ಒಮ್ಮೆ ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಮೆಲ್ಲಗೆ ಜಾರಿ ಮಲಗುತ್ತಿತ್ತು. ಅದಕ್ಕೇ ಕಲ್ಲು. ನಮ್ಮ ಒಳಕಲ್ಲು ಸೀಳಿದ ಮೇಲೆ ಕೆಲಸವಿಲ್ಲದೆ ಕುಳಿತಿದ್ದ ರುಬ್ಬುಗುಂಡನ್ನು ಅಪ್ಪ ವ್ಯಾನಿಗೆ ಕೊಟ್ಟಿದ್ದ. ರಜೆಯಲ್ಲಿ ನಾನು ಅಪ್ಪನ ಜೊತೆ ಹುಲಿಹೈದರಕ್ಕೋ ಅಳವಂಡಿಗೋ ತಾವರಗೇರಾಕ್ಕೋ ಹೋದಾಗ, ವ್ಯಾನು ನಿಂತ ಕೂಡಲೆ ಜಿಗಿದಿಳಿದು ಗಾಲಿಗೆ ಗುಂಡು ಕೊಡುವುದು ನನ್ನ ಪಾಲಿನ ಕೆಲಸ. ಎಂಟನೆಯ ತರಗತಿಯ ಹುಡುಗಿಗೆ ಅದೊಂದು ದೊಡ್ಡಸ್ತಿಕೆ.

ಅವ್ವನಿಗೆ ಮಾತ್ರ ಆ ಹಿಡಿಕೆಯ ಮೇಲೆ ಸಿಟ್ಟು. ವರ್ಷವಿಡೀ ಊಟದ ಹೊತ್ತಿಗೆ ಅದೇ ಜಗಳ.

"ಆ ಹಿಡಿಕಿ ಬದಲಿ ಮಾಡ್ಸ್ರಿ ಅಂದ್ರ ಕಿವ್ಯಾಗ ಹಾಕ್ಕೋವಲ್ರಿ."

"ಗುಂಡ ಐತಲ್ಲ. ಗುಂಡಿಗಿಂತ ಛಲೋ ಬ್ರೇಕ್ ಯಾವ ಕಂಪನ್ಯಾಗೂ ಮಾಡಂಗಿಲ್ಲ."

"ಹಂಗಾದ್ರ ಗುಂಡನ್ನ ಓಡಸ್ರಿ, ವ್ಯಾನ್ ಯಾಕ ಬೇಕು?"

ಅಪ್ಪ ನಗುತ್ತಿದ್ದ. ಅಲ್ಲಿಗೆ ಮುಗಿಯುತ್ತಿತ್ತು. ಕಲ್ಲು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದುದರಿಂದಲೇ ಹಿಡಿಕೆ ಹಾಗೆಯೇ ಉಳಿಯಿತು.

ಖಂಡೇಪೂಜೆಯ ದಿನ ದುಡಿಯುವ ಎಲ್ಲ ಸಾಮಾನಿಗೂ ರಜೆ. ಕುಡಗೋಲು, ಈಳಿಗೆ, ಸೌಟು, ತಕ್ಕಡಿ, ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಕೂಡಿಸಬೇಕು. ಮರುದಿನದವರೆಗೆ ಅವುಗಳಿಂದ ಕೆಲಸ ತೆಗೆಯಬಾರದು. ಆಯಿಗೆ ಇದರಲ್ಲಿ ರಿಯಾಯಿತಿ ಎಂಬುದಿಲ್ಲ. ಆದ್ದರಿಂದ ವ್ಯಾನನ್ನು ತೊಳೆದ ಮೇಲೆ ಎಂಜಿನ್ನು ಚಾಲೂ ಮಾಡುವಂತಿರಲಿಲ್ಲ. ಪೂಜೆಗೆ ಮೂಡಣಕ್ಕೆ ಮುಖ ಮಾಡಿ ನಿಲ್ಲಿಸಬೇಕೆಂದು ಅಪ್ಪ ಗೇರು ತೆಗೆದ, ಓಣಿಯ ನಾಲ್ಕು ಮಂದಿ ಸೇರಿ ನೂಕಿ ತಿರುಗಿಸಿದರು. ಮೂಡಣವೆಂದರೆ ನಮ್ಮ ಓಣಿಯ ಇಳಿಜಾರು. ವ್ಯಾನಿನ ಮೂತಿ ಕೆಳಗಿನ ಕೈಪಂಪಿನ ಬೋರಿಂಗಿನ ಕಡೆಗಾಯಿತು. ಅಪ್ಪ ಹಿಡಿಕೆ ಎಳೆದ, ನಾನು ಗುಂಡು ಕೊಟ್ಟೆ. ಮತ್ತೆ ಗೇರು ಹಾಕುವುದನ್ನು ಅಪ್ಪ ಮರೆತ. ಮುಂದಿನ ಗಾಲಿಗಳ ಬುಡಕ್ಕೆ ಆಯಿ ಎರಡು ನಿಂಬೆಹಣ್ಣು ಇಟ್ಟಳು. ಮರುದಿನ ಬನ್ನಿ ಹಬ್ಬಕ್ಕೆ ವ್ಯಾನು ಹೊರಡುವಾಗ ಅವು ಒಡೆಯಬೇಕು. ಖಾಲಿ ಗಾಡಿಗೆ ಪೂಜೆ ಸಲ್ಲದೆಂದು ಅಪ್ಪ ಭಾಂಡೆಗಳನ್ನು ತಂದು ತಂದು ಹಿಂದೆ ತುಂಬತೊಡಗಿದ. ಅವ್ವ ನೀಲಾಳನ್ನು ಕರೆದುಕೊಂಡು ಕೆಳಗೆ ಬೋರಿಂಗಿಗೆ ನೀರಿಗೆ ಹೋಗಿದ್ದಳು.

ಆಗಲೇ ಆಯಿಗೆ ಗುಂಡಿನ ನೆನಪಾದದ್ದು. ವರ್ಷವಿಡೀ ವ್ಯಾನಿಗಿಂತ ಹೆಚ್ಚು ದುಡಿದದ್ದು ಗುಂಡು. ಈಳಿಗೆಗೆ ಪೂಜೆ, ಸೌಟಿಗೆ ಪೂಜೆ, ಅದಕ್ಕೊಂದೇ ಇಲ್ಲವೇ? ಅದೂ ಅಲ್ಲದೆ ಆ ದಿನವೂ ಅದು ಗಾಲಿಗೆ ಎದೆಕೊಟ್ಟು ದುಡಿಯುತ್ತಲೇ ಇತ್ತಲ್ಲ. ಆಯಿ ಅದನ್ನು ಒಳಗೆ ತಂದು ತೊಳೆದು, ಮೂರು ಬೆರಳಿನ ವಿಭೂತಿ ಎಳೆದು, ಈಳಿಗೆಯ ಪಕ್ಕ ಕೂಡಿಸಿದಳು.

"ಇವನೌನ, ನೀನೂ ಒಂದಿನ ಕುಂದ್ರಪಾ" ಎಂದು ಅದಕ್ಕೆ ಹೇಳಿದ್ದು ನನಗೆ ಕೇಳಿಸಿತು.

ಅಪ್ಪ ಆಚೆ ಬದಿಯಿಂದ ಭಾಂಡೆ ತರುತ್ತಿದ್ದ, ಗಾಲಿಯನ್ನು ನೋಡಲಿಲ್ಲ. ದೊಡ್ಡ ಕೊಪ್ಪರಿಗೆಯನ್ನು ಹಿಂದಿನಿಂದ ಎತ್ತಿ ಧಡ್ ಎಂದು ಇಟ್ಟ. ಒಳಗೆ ಹಿಡಿಕೆ ಜಾರಿದ ಸದ್ದು ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿದ್ದು ನಿಂಬೆಹಣ್ಣು ಒಡೆದ ಸದ್ದು, ಒಂದಾದ ಮೇಲೊಂದು. ಆಯಿಗೂ ಕೇಳಿಸಿತು.

"ಯಾಕಲೇ ಬಸ್ಯಾ, ಇವತ್ತ ಗಾಡಿ ಎಬ್ಬಿಸಿದಿ? ನಾಳಿತನಕ ತಾಳಾಕ ಆಗ್ಲಿಲ್ಲೇನ?" ಎಂದು ಒಳಗಿನಿಂದಲೇ ಬೈದಳು.

ಅಪ್ಪ ವ್ಯಾನಿನ ಹಿಂದೆ, ಕೈ ಇನ್ನೂ ಮುಂದಕ್ಕೆ ಚಾಚಿಕೊಂಡು ನಿಂತಿದ್ದ. ಅವನ ಕೈಗೂ ವ್ಯಾನಿಗೂ ನಡುವೆ ಒಂದು ಮಾರು ಜಾಗ, ಆಮೇಲೆ ಎರಡು ಮಾರು. ಅವನು ಓಡಿದ. ನಾನು ಎದ್ದು ನಿಂತೆ. ಕೆಳಗೆ ಅವ್ವ ನಮಗೆ ಬೆನ್ನು ಮಾಡಿ ಬೋರಿಂಗು ಹೊಡೆಯುತ್ತಿದ್ದಳು. ಕಟ್ಟೆಯ ಮೇಲೆ ನೀಲಾ ಕಾಲು ಇಳಿಬಿಟ್ಟು ಕುಳಿತಿದ್ದಳು. ಬೋರಿಂಗಿನ ಕಿರ್ ಕಿರ್ ಸದ್ದಿನಲ್ಲಿ ಅವ್ವನಿಗೆ ಬೇರೇನೂ ಕೇಳುವಂತಿರಲಿಲ್ಲ. ಕೂಗಬೇಕಾದವಳು ನಾನು. ಬಾಯಿ ತೆರೆದೆ. ಇಪ್ಪತ್ತು ನಿಮಿಷ ಐತಿ ಎಂದು ಆಗತಾನೆ ಇಡೀ ಮನೆಗೆ ಕೇಳುವಂತೆ ಕೂಗಿದ ಗಂಟಲಿನಿಂದ ಗಾಳಿ ಕೂಡ ಹೊರಡಲಿಲ್ಲ.

ಕೂಗಿದ್ದು ಕೊಪ್ಪರಿಗೆ. ಅರ್ಧ ದಾರಿಯಲ್ಲಿ ವ್ಯಾನು ಒಂದು ತಗ್ಗು ಹಾರಿತು, ಹಿಂದಿನಿಂದ ಕೊಪ್ಪರಿಗೆ ಹೊರಬಿದ್ದು ಬಂಡೆಯ ಮೇಲೆ ಉರುಳಿತು. ಅಂಥ ಸದ್ದನ್ನು ನಾನು ಮತ್ತೆ ಕೇಳಿಲ್ಲ. ಅವ್ವ ತಿರುಗಿದಳು. ಕೊಡ ಬಿಟ್ಟಳು, ನೀಲಾಳ ರಟ್ಟೆ ಹಿಡಿದು, ಜೋಳದ ಚೀಲ ಎಸೆದಂತೆ ಪಕ್ಕದ ಕಣಕಿಯ ಬಣವೆಯ ಕಡೆಗೆ ಎಸೆದಳು. ತಾನು ಹಾರುವಷ್ಟರಲ್ಲಿ ವ್ಯಾನು ಕಟ್ಟೆಗೆ ಬಡಿಯಿತು. ಬೋರಿಂಗಿನ ಕಂಬ ಬಾಗಿತು. ಅವ್ವನ ಎಡಗಾಲಿನ ಎರಡು ಬೆರಳು ಬಂಪರಿಗೂ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋದವು. ನೀಲಾಳಿಗೆ ತರಚು ಗಾಯ, ಅಷ್ಟೇ. ಅಷ್ಟೇ ಎಂದು ಜನ ಹೇಳಿದರು. ಹೇಳುವುದು ಸುಲಭ.

ಬೋರಿಂಗು ಕೆಟ್ಟು ಓಣಿಗೆ ನೀರಿಲ್ಲದಂತಾದಾಗ ಎದುರುಮನೆಯ ಮುದುಕಿ ಬಾಗಿಲಿಗೆ ಬಂದು ಕೇಳಿದಳು:

"ನಿನ್ನಿ ಪೂಜಿ ಮಾಡಿದ್ದು ಗಾಡಿಗೇನೋ ಯಮಗೇನೋ, ಭಾಂಡೆ ಬಸಣ್ಣಾ?"

ಮನೆಯೊಳಗಿನ ಜಗಳ ಹೊರಗಿನದಕ್ಕಿಂತ ವಿಚಿತ್ರವಾಗಿತ್ತು. ತಪ್ಪು ನಿನ್ನದು ಎಂದು ಯಾರೂ ಯಾರಿಗೂ ಅನ್ನಲಿಲ್ಲ. ತಪ್ಪು ನನ್ನದು ಎಂದು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಳ್ಳುತ್ತಿದ್ದರು.

"ಗುಂಡ ತಗದಾಕಿ ನಾನು. ನನ್ನ ಕೈ ಸೇದಿ ಹೋಗ್ಲಿ" ಎಂದು ಆಯಿ ಅನ್ನುವಳು.

"ಗೇರಿನ್ಯಾಗ ಬಿಟ್ಟಿದ್ರ ನೀ ಗುಂಡ ತಗದ್ರೂ ಏನಾಕ್ಕಿದ್ದಿಲ್ಲ ಬಿಡಬೇ" ಎಂದು ಅಪ್ಪ.

ಅವ್ವ ಕಾಲು ಚಾಚಿ ಗೋಡೆಗೆ ಒರಗಿ ಕುಳಿತು, "ಹಿಡಿಕಿ ಹಾಕಸಿದ್ರ ಎರಡೂ ಬೇಕಿದ್ದಿಲ್ಲ" ಎನ್ನುವಳು. ಅಲ್ಲಿಗೆ ಅಪ್ಪ ಎದ್ದು ಹೊರಗೆ ಹೋಗುವನು. ನಾನು ನನ್ನ ಪಾಲಿನ ತಪ್ಪನ್ನು ಯಾರಿಗೂ ಹೇಳಲಿಲ್ಲ.

ಬಂಪರು ಮಾತ್ರ ಬಾಗಿದ್ದ ವ್ಯಾನನ್ನು ಓಣಿಯ ಕೆಳಗಿನ ಬಯಲಿನಲ್ಲಿ, ಅಂಗೈಯಷ್ಟು ಸಮನಾದ ನೆಲದ ಮೇಲೆ ನಿಲ್ಲಿಸಿದರು. ಅಲ್ಲಿಂದ ಅದು ಬೇಕೆಂದರೂ ಉರುಳಲಾರದು. ಆದರೂ ಅಪ್ಪ ಅದರ ಗಾಲಿಗೆ ಕಲ್ಲು ಕೊಟ್ಟ. ಸಂಜೆ ಆಯಿ ರುಬ್ಬುಗುಂಡನ್ನು ಹೊತ್ತುಕೊಂಡು ಹೋಗಿ ಇನ್ನೊಂದು ಗಾಲಿಗೆ ಕೊಟ್ಟು ಬಂದಳು. ಅಪ್ಪನ ಕಲ್ಲಿನ ಮೇಲೆ ಅವಳಿಗೆ ನಂಬಿಕೆಯಿಲ್ಲ. ಮರುದಿನ ಅವ್ವ ನನ್ನ ಕೈಯಲ್ಲಿ ಒಂದು ಕಲ್ಲು ಕೊಟ್ಟು ಕಳಿಸಿದಳು. ಅದನ್ನಿಟ್ಟು, ನನ್ನದೂ ಒಂದು ಇಟ್ಟೆ. ನೀಲಾ ಅಳತೊಡಗಿದಳು, ತನಗೂ ಬೇಕು ಎಂದು. ಅವಳು ಆಡುವ ಐದು ನುಣುಪು ಹರಳುಗಳಲ್ಲಿ ಒಂದನ್ನು ತಂದು ಹಿಂದಿನ ಗಾಲಿಯ ಬುಡಕ್ಕೆ ಒತ್ತಿದಳು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಐದು ಜನ, ಐದು ಕಲ್ಲು. ಒಬ್ಬರ ಕಲ್ಲನ್ನು ಇನ್ನೊಬ್ಬರು ನಂಬಲಿಲ್ಲ.

ರಾತ್ರಿಗಳ ಬಗ್ಗೆ ಹೆಚ್ಚು ಬರೆಯಲಾರೆ. ನೀಲಾ ಎದ್ದು ಕುಳಿತು "ಗಾಡಿ ಬಂತು" ಎಂದು ಚೀರುವಳು. ಅವ್ವ ಅವಳನ್ನು ಎಳೆದು ಗೋಡೆಯ ಕಡೆಗೆ ತಳ್ಳುವಳು, ನಿದ್ದೆಗಣ್ಣಿನಲ್ಲೇ, ಆ ದಿನ ಎಸೆದಂತೆ. ಅಪ್ಪ ಕಂದೀಲು ಹಿಡಿದು ಬಯಲಿಗೆ ಹೋಗಿ ಕಲ್ಲು ಮುಟ್ಟಿ ನೋಡಿ ಬರುವನು. ಅವನು ಬಂದ ಮೇಲೆ ಆಯಿ ಹೋಗುವಳು. ಹಗಲು ಎಲ್ಲರೂ ಕೆಂಪು ಕಣ್ಣಿನಿಂದ ಪಾತ್ರೆ ತಿಕ್ಕುತ್ತಿದ್ದೆವು. ತೂಕಡಿಸುತ್ತ ಉಣ್ಣುತ್ತಿದ್ದೆವು. ಅಪ್ಪ ಬಂದ ಬಾಡಿಗೆಗಳನ್ನು ಚಕ್ಕಡಿಯವರಿಗೆ ಬಿಟ್ಟುಕೊಟ್ಟ. ದೀಪಾವಳಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ದೀಪಾವಳಿಯಾದ ಮೇಲೆ ಒಂದು ಬೆಳಿಗ್ಗೆ ಅವ್ವ ಅಪ್ಪನ ಮುಂದೆ ರೊಟ್ಟಿ ಇಟ್ಟು, ನನ್ನ ಕಡೆ ಕೈ ಮಾಡಿ ಹೇಳಿದಳು:

"ಇವತ್ತ ಗಂಗಾವತಿಗೆ ಹೋಗ್ರಿ. ಹಿಡಿಕಿ ಹಾಕಿಸ್ಕೊಂಡ ಬರ್ರಿ. ಶಾಂತಾನ್ನ ಕರಕೊಂಡ ಹೋಗ್ರಿ, ಆಕಿ ಕಣ್ಣಿಲೆ ನೋಡ್ಲಿ. ನಿಮ್ಮ ಮಾತ ನಾ ನಂಬಂಗಿಲ್ಲ."

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹಿಂದೆ, ತವುಡಿನ ವಾಸನೆಯ ಬಯಲಿನಲ್ಲಿ ಖಾಜಾಸಾಬ ಮಿಸ್ತ್ರಿಯ ಗ್ಯಾರೇಜಿತ್ತು. ಸುತ್ತಲೂ ಗುಜರಿಗೆ ಬಂದ ಗಾಡಿಗಳು. ಗಿರಣಿಯ ಕಡೆಯಿಂದ ತೆಲುಗು ಮಾತು ತೇಲಿ ಬರುತ್ತಿತ್ತು. ಖಾಜಾಸಾಬ ತೆಳ್ಳನೆಯ ಮುದುಕ, ಬಿಳಿ ಗಡ್ಡಕ್ಕೂ ಗ್ರೀಸಿನ ಕಲೆ. ಅವನು ಹಿಡಿಕೆಯ ಬುಡ ಬಿಚ್ಚಿ, ಹಲ್ಲಿನ ಪಟ್ಟಿಯನ್ನೂ ಹಲ್ಲಿಗೆ ಬೀಳುವ ನಾಲಿಗೆಯನ್ನೂ ಹೊರತೆಗೆದು, ಬಟ್ಟೆಯಿಂದ ಒರೆಸಿ ನನ್ನ ಮುಂದೆ ಹಿಡಿದ.

"ಉಗುರ ಆಡಿಸಿ ನೋಡವ್ವಾ."

ಆಡಿಸಿದೆ. ಉಗುರು ಎಲ್ಲಿಯೂ ತಡೆಯಲಿಲ್ಲ. ಹಲ್ಲುಗಳೆಲ್ಲ ಸವೆದು ನಮ್ಮ ಆಯಿಯ ಒಸಡಿನ ಹಾಗೆ ಆಗಿದ್ದವು. ಇಷ್ಟು ದಿನ ನಮ್ಮ ಮನೆಯ ಐದು ಜೀವಗಳು ಇದರ ಮೇಲೆ ನಿಂತಿದ್ದವೇ ಎಂದುಕೊಂಡು ಮತ್ತೊಮ್ಮೆ ಉಗುರು ಆಡಿಸಿದೆ.

ಅಪ್ಪ ಆಗಲೂ ಹಳೆಯ ಅಪ್ಪನೇ.

"ಖಾಜಾಸಾಬ, ಹಲ್ಲಿಗೆ ಜರಾ ಬೆಸಗಿ ಹಾಕಿ, ಕಾನಸಿಲೆ ಉಜ್ಜಿ ತಿದ್ದಿಬಿಟ್ರ ನಡೆಂಗಿಲ್ಲೇನು?"

"ನಡೀತೈತಿ ಬಸಣ್ಣ. ಸೀದಾ ಇಳಿಜಾರಿಗೆ ನಡೀತೈತಿ."

"ಹಂಗಲ್ಲೋ ಮಾರಾಯಾ, ಸದ್ಯಕ್ಕ..."

"ಅಪ್ಪಾ, ಬ್ಯಾಡ" ಎಂದೆ. ಎಷ್ಟು ಜೋರಾಗಿ ಎಂದರೆ ಗಿರಣಿಯ ಹಮಾಲರು ತಿರುಗಿ ನೋಡಿದರು. "ಬ್ಯಾಡ. ಬ್ಯಾರೇದ ಹಾಕಸು. ಬ್ಯಾರೇದ ಹಾಕಸು ಅಪ್ಪಾ."

ಆ ಶುಕ್ರವಾರ ಬರದಿದ್ದ ಧ್ವನಿ ಅಷ್ಟು ವಾರ ತಡವಾಗಿ ಬಂತು. ಬಂದ ಮೇಲೆ ನಿಲ್ಲಲಿಲ್ಲ. ಗುಂಡು ಹೋಗುವುದನ್ನು ನೋಡಿಯೂ ಸುಮ್ಮನಿದ್ದೆ, ಕೂಗಲಿಲ್ಲ, ಎಂದು ಅಳುತ್ತ ಎಲ್ಲ ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ನನ್ನ ಮುಖ ಒರೆಸಿ, ಖಾಜಾಸಾಬನಿಗೆ ಹೇಳಿದ:

"ಬ್ಯಾರೇದ ಹುಡುಕ್ರಿ."

ನಮ್ಮ ವ್ಯಾನಿನ ಜಾತಿಯದೇ ಗಾಡಿಗಳು ಗುಜರಿಯಲ್ಲಿ ಮೂರಿದ್ದವು. ಮೊದಲನೆಯದರ ಹಿಡಿಕೆ ಉದ್ದವಾಗಿ ಮೊಣಕಾಲಿಗೆ ಬಡಿಯುತ್ತಿತ್ತು. ಎರಡನೆಯದು ತುಕ್ಕು ತಿಂದಿತ್ತು. ಮೂರನೆಯದಕ್ಕೆ ಖಾಜಾಸಾಬ ಉಗುರು ಆಡಿಸಿದ, ನನಗೂ ಕೊಟ್ಟ. ಪ್ರತಿ ಹಲ್ಲಿಗೂ ಉಗುರು ಟಿಕ್ ಎಂದು ನಿಂತಿತು. ಬಿಸ್ಮಿಲ್ಲಾ ಎಂದು ಅವನು ಗಾಡಿಯ ಅಡಿಗೆ ಸರಿದ. ಪಟ್ಟಿ ಕೂಡಿಸಿದ, ಹೊಸ ಪಿನ್ನು ಹೊಡೆದ, ಹಿಂದಿನ ಗಾಲಿಗೆ ಹೋಗುವ ವಾಯರನ್ನು ಬಿಗಿ ಮಾಡಿದ. ಅವ್ವನ ಸೀರೆಯ ಅಂಚು ಸುತ್ತಿದ್ದ ಹಳೆಯ ಹಿಡಿಕೆ ನನ್ನ ಮಡಿಲಿನಲ್ಲಿತ್ತು. ಹೊತ್ತು ಇಳಿಯುವಾಗ ಅವನು ಹೊರಬಂದು ನನ್ನನ್ನೇ ಸೀಟಿನ ಮೇಲೆ ಕೂಡಿಸಿದ.

"ಎಳಿಯವ್ವಾ. ಎಷ್ಟ ಆತು?"

"ಮೂರು."

"ಬರೋಬರಿ. ಮೂರಕ್ಕ ಹಿಡೀಬೇಕು. ಐದಕ್ಕ ಹಿಡಿದ್ರ ವಾಯರ್ ಸಡಲ ಆಗೇತಿ ಅಂತ ತಿಳಿ, ನನ್ನ ಕಡೆ ಬರ್ರಿ. ಎಂಟಕ್ಕ ಹಿಡಿದ್ರ ನನ್ನ ಕಡೆ ಬರಬ್ಯಾಡ್ರಿ, ದೇವರ ಕಡೆ ಹೋಗ್ರಿ."

ಮರುದಿನ ಹಗಲು ಅಪ್ಪ ವ್ಯಾನನ್ನು ಮತ್ತೆ ಮೇಲೆ, ಮನೆಯ ಮುಂದಿನ ಇಳಿಜಾರಿಗೆ ತಂದ. ಓಣಿಯೆಲ್ಲ ಬಾಗಿಲಿಗೆ ಬಂತು. ಕೆಳಗೆ ಬೋರಿಂಗಿನ ಹತ್ತಿರ ಒಬ್ಬರೂ ಇರದ ಹಾಗೆ ಅಪ್ಪ ಹೋಗಿ ನೋಡಿ ಬಂದ. ಭಾಂಡೆಗಳನ್ನು ತುಂಬಿದ, ಆ ದಿನದಷ್ಟೇ. ಗೇರು ತೆಗೆದ. ಹಿಡಿಕೆ ಎಳೆದ. ಮೂರು ಸದ್ದು. ಕಲ್ಲು ಕೊಡಲಿಲ್ಲ. ಅವ್ವ ಕುಂಟುತ್ತ ಹೊಸ್ತಿಲಿಗೆ ಬಂದು ನಿಂತಳು. ಅಪ್ಪ ಇಳಿದು ಬಂದು, ವ್ಯಾನಿನ ಮೂತಿಯ ಮುಂದೆ, ಬಂಪರಿಗೆ ಬೆನ್ನು ಹಚ್ಚಿ, ಇಳಿಜಾರಿಗೆ ಮುಖ ಮಾಡಿ ನಿಂತುಕೊಂಡ. ಬಹಳ ಹೊತ್ತು ನಿಂತ. ದೊಡ್ಡ ಕೊಪ್ಪರಿಗೆಯನ್ನು ಪಕ್ಕದ ಮನೆಯವರು ಧಡ್ ಎಂದು ಹಿಂದೆ ಇಟ್ಟಾಗ ಅಪ್ಪನ ಕಣ್ಣು ಮುಚ್ಚಿದವು. ವ್ಯಾನು ಅಲುಗಾಡಿತು, ಆದರೆ ಉರುಳಲಿಲ್ಲ.

"ಸಾಕ ಬರ್ರಿ. ರೊಟ್ಟಿ ಆರ್ತಾವ" ಎಂದು ಅವ್ವ ಒಳಗೆ ಹೋದಳು.

ಇಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಮುಗಿಯಲಿಲ್ಲ. ಆ ಸಂಜೆಯೇ ಐದೂ ಕಲ್ಲುಗಳು ಬಯಲಿನಿಂದ ಮೇಲೆ ಬಂದು ಗಾಲಿಗಳ ಬುಡದಲ್ಲಿ ಕುಳಿತವು. ರಾತ್ರಿ ಕಂದೀಲು ಹೊರಗೆ ಹೋಗುತ್ತಲೇ ಇತ್ತು. ಕಬ್ಬಿಣದ ಹಲ್ಲು ಹಿಡಿದಿತ್ತು, ನಮ್ಮೊಳಗಿನದು ಇನ್ನೂ ಜಾರುತ್ತಿತ್ತು. ವಾರ ಕಳೆದ ಮೇಲೆ ಅಪ್ಪ ತನ್ನ ಕಲ್ಲನ್ನು ತೆಗೆದ, ತಾವರಗೇರಾದ ಬಾಡಿಗೆ ಹಿಡಿದಿದ್ದ. ಆಮೇಲೆ ಅವ್ವನದು ಹೋಯಿತು, ಅವಳ ಗಾಯದ ಪಟ್ಟಿ ಬಿಚ್ಚಿದ ದಿನ. ನನ್ನದನ್ನು ಯಾರೂ ನೋಡದಾಗ ನಾನೇ ಬೇಲಿಗೆ ಎಸೆದೆ. ರುಬ್ಬುಗುಂಡನ್ನು ಆಯಿ ಅಡಿಗೆಮನೆಯ ಮೂಲೆಗೆ ತಂದಿಟ್ಟು, ಮತ್ತೆಂದೂ ಅದಕ್ಕೆ ಕೆಲಸ ಹೇಳಲಿಲ್ಲ. ಉಳಿದದ್ದು ನೀಲಾಳ ಹರಳು ಒಂದೇ. ಅದನ್ನು ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. ಬಾಡಿಗೆಗೆ ಹೊರಡುವಾಗ ಅಪ್ಪ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡು, ತಿರುಗಿ ಬಂದ ಮೇಲೆ ಮರೆಯದೆ ಗಾಲಿಯ ಬುಡಕ್ಕೆ ಇಡುತ್ತಿದ್ದ.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಹಿಂದಿನ ದಿನ. ಅವ್ವ ಆಯಿ ಒಲೆಯ ಮುಂದೆ ಸಜ್ಜೆ ಕಡುಬಿನ ಗದ್ದಲದಲ್ಲಿದ್ದರು. ಕಟ್ಟೆಯ ಮೇಲೆ ನೀಲಾ ಪಕ್ಕದ ಮನೆಯ ಹುಡುಗಿಯೊಂದಿಗೆ ಹರಳಾಟಕ್ಕೆ ಕುಳಿತಿದ್ದಳು.

"ನಿನ್ನ ಕಡೆ ನಾಕ ಅದಾವ. ನಾಕರಾಗ ಆಡಾಕ ಬರಂಗಿಲ್ಲ, ಹೋಗ" ಎಂದಳು ಆ ಹುಡುಗಿ.

ನೀಲಾ ಎದ್ದಳು. ಲಂಗ ಎತ್ತಿಕೊಂಡು ವ್ಯಾನಿನ ಹಿಂದಿನ ಗಾಲಿಯ ಹತ್ತಿರ ಹೋದಳು. ನಾನು ಅದೇ ಪಡಸಾಲೆಯ ಬಾಗಿಲಲ್ಲಿ ಕುಳಿತಿದ್ದೆ. ಅವಳು ಬಗ್ಗಿ, ಮಣ್ಣಿನಲ್ಲಿ ಹೂತಿದ್ದ ಹರಳನ್ನು ಬೆರಳಿನಿಂದ ಕೆದರಿ ತೆಗೆದು, ಲಂಗಕ್ಕೆ ಒರೆಸಿಕೊಂಡು ಬಂದಳು. ವ್ಯಾನು ನಿಂತೇ ಇತ್ತು. ನಾನು ಒಳಗೆ ಹೋಗಿ ಯಾರಿಗೂ ಹೇಳಲಿಲ್ಲ. ಈ ಸಲ ಸುಮ್ಮನಿದ್ದದ್ದಕ್ಕೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ.

ಮರುದಿನ ನನ್ನನ್ನು ಎಬ್ಬಿಸಿದ್ದು ಬಾಗಿಲು ಬಡಿಯುವ ಸದ್ದು. ಬೆಳಕಿಂಡಿಯ ಬಿಸಿಲು ಗೋಡೆಯಿಂದ ಇಳಿದು ನಮ್ಮ ಹಾಸಿಗೆಯವರೆಗೆ ಬಂದಿತ್ತು. ಅಪ್ಪ ಬೋರಲಾಗಿ, ಆಯಿ ಬಾಯಿ ತೆರೆದುಕೊಂಡು, ಅವ್ವ ಅಂಗಾತ, ಎಲ್ಲರೂ ಇನ್ನೂ ಮಲಗಿದ್ದರು. ರಾತ್ರಿ ಯಾರೂ ಕೈಗೆತ್ತಿಕೊಳ್ಳದ ಕಂದೀಲು ಗೂಟದಲ್ಲಿ ಹಾಗೆಯೇ ತೂಗುತ್ತಿತ್ತು. ನೀಲಾ ಅವ್ವನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡಿದ್ದಳು, ಮುಷ್ಟಿ ಸಡಿಲವಾಗಿತ್ತು, ಹರಳು ಹಾಸಿಗೆಯ ಮೇಲೆ ಬಿದ್ದಿತ್ತು.

"ಭಾಂಡೆ ಬಸಣ್ಣಾ, ಏಳ್ರೋ! ಹೊತ್ತ ನೆತ್ತಿಗೆ ಬಂದೈತಿ, ಮನ್ಯಾಗ ಯಾರರ ಅದೀರೋ ಇಲ್ಲೋ?" ಎಂದು ಹೊರಗಿನಿಂದ, ಭಾಂಡೆ ಒಯ್ಯಲು ಬಂದ ಅಳವಂಡಿಯವರು ಕೂಗುತ್ತಿದ್ದರು.

ನಾನು ಗಡಿಯಾರದ ಕಡೆಗೆ ನೋಡಲಿಲ್ಲ. ಇನ್ನೊಂದಿಷ್ಟು ಹೊತ್ತು ಅವರು ಕೂಗಲಿ ಎಂದು ಹೊದಿಕೆ ಎಳೆದುಕೊಂಡೆ.